ಹಿಂಬರಹದಲ್ಲಿ ‘ವೈಯಕ್ತಿಕ ಮಾಹಿತಿ’ ಎಂದು ಬರೆದು ಕೈತೊಳೆದುಕೊಂಡರೆ ಮುಂದೇನು?

(ಗಣಕದ ಗೀಳಿನವರ ಒಂದು ಗುಂಪಿನಲ್ಲಿ ವಕೀಲರೊಂದಿಗೆ ನಡೆದ ಪ್ರಶ್ನೋತ್ತರ)

ಪ್ರಶ್ನೆ (ತಂತ್ರಾಂಶ ಉದ್ಯೋಗಿ, ಬೆಂಗಳೂರು):

ಮೇಡಂ, ನಮಸ್ಕಾರ. ನಾವು ನಾಲ್ಕೈದು ಗೆಳೆಯರು ಬಿಡುವಿನ ವೇಳೆಯಲ್ಲಿ ನಮ್ಮ ತಾಲ್ಲೂಕಿನ ರಸ್ತೆ, ಕೆರೆ, ಶಾಲೆಗಳನ್ನು ಯಾರು ಬೇಕಾದರೂ ತಿದ್ದಬಹುದಾದ ಜಾಲನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಏರಿಸುತ್ತಿರುತ್ತೇವೆ. ಊರಿನ ಒಂದು ರಸ್ತೆಗೆ ಡಾಂಬರು ಹಾಕಿ ಒಂದು ಮಳೆಗಾಲ ಕಳೆಯುವುದರೊಳಗೆ ಜಲ್ಲಿ ಎದ್ದು ಬಂದಿತು. ಆ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಪಾವತಿಯಾದ ಬಿಲ್ಲು ಹಾಗೂ ‘ಗುತ್ತಿಗೆದಾರನ ಮತ್ತು ಎಂಜಿನಿಯರನ ಸಂಪೂರ್ಣ ವಿವರ’ ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆವು. ಅರ್ಧ ಹಾಳೆಯ ಹಿಂಬರಹ ಬಂದಿದೆ: ಕೋರಿರುವುದು ವೈಯಕ್ತಿಕ ಮಾಹಿತಿಯಾಗಿರುವುದರಿಂದ ಕಲಂ 8(1)(ಜೆ) ಪ್ರಕಾರ ನೀಡಲು ಅವಕಾಶವಿಲ್ಲ ಎಂಬ ಒಂದೇ ವಾಕ್ಯ, ಕೆಳಗೆ ದುಂಡು ಮೊಹರು. ಕಾನೂನು ಬದಲಾಗಿದೆ, ಇನ್ನು ಮಾಹಿತಿ ಹಕ್ಕಿನ ಕಥೆ ಮುಗಿಯಿತು ಎಂದು ಗೆಳೆಯರು ಹೇಳುತ್ತಿದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ತೀರ್ಪು ಬಂದಾಗ ಸಿಹಿ ಹಂಚಿದವರು ನಾವೇ. ಈಗ ಅದೇ ಹಕ್ಕು ನಮಗೇ ತಿರುಗಿಬಿತ್ತೇ?

ಉತ್ತರ (ವಕೀಲರು):

ನಮಸ್ಕಾರ. ಕಾನೂನು ಬದಲಾಗಿರುವುದು ನಿಜ, ಆದರೆ ನಿಮಗೆ ಬಂದ ಹಿಂಬರಹ ಬದಲಾದ ಕಾನೂನಿನ ಮುಂದೆಯೂ ನಿಲ್ಲುವಂಥದ್ದಲ್ಲ.

ಮೊದಲು ಬದಲಾವಣೆ ಏನೆಂದು ನೋಡೋಣ. 2005ರ ಮಾಹಿತಿ ಹಕ್ಕು ಅಧಿನಿಯಮದ ಕಲಂ 8(1)(ಜೆ) ಹಿಂದೆ ಉದ್ದವಾಗಿತ್ತು. ಯಾವುದೇ ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ, ಅಥವಾ ವ್ಯಕ್ತಿಯ ಖಾಸಗಿತನಕ್ಕೆ ಅನಗತ್ಯವಾಗಿ ಕೈಹಾಕುವ ವೈಯಕ್ತಿಕ ಮಾಹಿತಿಯನ್ನಷ್ಟೇ ನಿರಾಕರಿಸಬಹುದಿತ್ತು. ಅದರಲ್ಲಿಯೂ ವಿಶಾಲ ಸಾರ್ವಜನಿಕ ಹಿತವಿದ್ದರೆ ಕೊಡಬೇಕಿತ್ತು. ಸಂಸತ್ತಿಗೋ ರಾಜ್ಯದ ಶಾಸನ ಸಭೆಗೋ ನಿರಾಕರಿಸಲಾಗದ ಮಾಹಿತಿಯನ್ನು ಯಾರಿಗೂ ನಿರಾಕರಿಸುವಂತಿಲ್ಲ ಎಂಬ ಚೆಂದದ ಮಾತೂ ಅಲ್ಲಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಕಲಂ 44(3) ಇದೆಲ್ಲವನ್ನೂ ಕತ್ತರಿಸಿ, ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂಬಷ್ಟನ್ನು ಮಾತ್ರ ಉಳಿಸಿತು. 2025ರ ನವೆಂಬರಿನಲ್ಲಿ ಈ ತಿದ್ದುಪಡಿ ಜಾರಿಗೆ ಬಂದಿತು. ಅದೇ ಅಧಿನಿಯಮದಲ್ಲಿ ನಾಗರಿಕನಿಗೆ ತನ್ನ ದತ್ತಾಂಶದ ಮೇಲೆ ಹಕ್ಕು ಕೊಡುವ ಮುಖ್ಯ ಭಾಗಗಳು ಹದಿನೆಂಟು ತಿಂಗಳು ಕಾಯಬೇಕು. ಕಚೇರಿಗೆ ಅನುಕೂಲವಾದ ಕಲಂ ಮಾತ್ರ ಕಾಯಲಿಲ್ಲ. ಈ ಆತುರವನ್ನು ನಾನು ಸಹಜವೆಂದು ಒಪ್ಪಲಾರೆ.

ಆದರೆ ಕತ್ತರಿಗೆ ಸಿಗದೆ ಉಳಿದದ್ದು ಕಲಂ 8(2). ಒಂದನೆಯ ಉಪಕಲಮಿನ ಯಾವುದೇ ವಿನಾಯಿತಿ ಇದ್ದರೂ, 1923ರ ಅಧಿಕೃತ ರಹಸ್ಯಗಳ ಅಧಿನಿಯಮವೇ ಅಡ್ಡ ಬಂದರೂ, ಬಹಿರಂಗದಿಂದಾಗುವ ಸಾರ್ವಜನಿಕ ಹಿತವು ಹಾನಿಗಿಂತ ಹೆಚ್ಚಾಗಿದ್ದರೆ ಸಾರ್ವಜನಿಕ ಪ್ರಾಧಿಕಾರ ಮಾಹಿತಿ ನೀಡಬಹುದು ಎಂದು ಅದು ಹೇಳುತ್ತದೆ. ‘ನೀಡಬಹುದು’ ಎಂಬ ಕ್ರಿಯಾಪದವನ್ನು ಗಮನಿಸಿ; ಮೊದಲು ಅಧಿಕಾರಿಯ ಹೆಗಲ ಮೇಲಿದ್ದ ತಕ್ಕಡಿ ಈಗ ಹೆಚ್ಚುಕಡಿಮೆ ಅರ್ಜಿದಾರನ ಕೈಗೆ ಬಂದಿದೆ. ಕಲಂ 6(2)ರ ಪ್ರಕಾರ ಮಾಹಿತಿ ಏಕೆ ಬೇಕೆಂದು ನೀವು ಹೇಳಬೇಕಿಲ್ಲ. ಆದರೂ ಸಾರ್ವಜನಿಕ ಹಿತ ಏನೆಂಬುದನ್ನು ಒಂದು ವಾಕ್ಯದಲ್ಲಿ ಅರ್ಜಿಯಲ್ಲಿಯೇ ಬರೆದುಬಿಡಿ ಎಂದು ನಾನೀಗ ಎಲ್ಲರಿಗೂ ಹೇಳುತ್ತಿದ್ದೇನೆ. ಕರ್ನಾಟಕದ ನಿಯಮಗಳಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದ ಎಂಬ ಮಿತಿ ಇರುವುದರಿಂದ ಆ ವಾಕ್ಯ ಚಿಕ್ಕದಾಗಿರಲಿ. ಬಿಡಿಸಿ ಹೇಳಲು ಮೇಲ್ಮನವಿಯಲ್ಲಿ ಜಾಗವಿದೆ.

ಇನ್ನು ನಿಮ್ಮ ಪ್ರಕರಣ. ಅಂದಾಜು ಪಟ್ಟಿ ರಸ್ತೆಯದ್ದು. ಅಳತೆ ಪುಸ್ತಕವೂ ರಸ್ತೆಯದ್ದೇ: ಪುಟಸಂಖ್ಯೆ ಹಾಕಿ ಹೊಲಿದ ಪುಸ್ತಕ, ಅದರಲ್ಲಿ ಉದ್ದ, ಅಗಲ, ದಪ್ಪ, ಅಳೆದ ದಿನಾಂಕ, ಅಳೆದವರ ಸಹಿ, ಮರು ತಪಾಸಣೆ ಮಾಡಿದವರ ಸಹಿ. ಸಾರ್ವಜನಿಕ ಹಣದ ಬಿಲ್ಲಿಗೆ ಆಧಾರವಾದ ಪುಟದಲ್ಲಿ ಅಧಿಕಾರಿ ಹಾಕಿದ ಸಹಿ ಆತನ ಹುದ್ದೆಯ ಸಹಿ, ಮನೆಯದ್ದಲ್ಲ. ಗುತ್ತಿಗೆದಾರ ಒಂದು ಕಂಪನಿಯಾಗಿದ್ದರೆ ಖಾಸಗಿತನದ ಮಾತೇ ಏಳುವುದಿಲ್ಲ, ಏಕೆಂದರೆ 2023ರ ಅಧಿನಿಯಮ ರಕ್ಷಿಸುವುದು ಗುರುತಿಸಬಹುದಾದ ಮನುಷ್ಯನ ದತ್ತಾಂಶವನ್ನು. ಆತ ಒಬ್ಬನೇ ಮಾಲೀಕನಾಗಿದ್ದರೂ ಅಳತೆ ಪುಸ್ತಕ ಆತನ ಡೈರಿಯಾಗುವುದಿಲ್ಲ. ಆತನ ಆಕ್ಷೇಪಣೆ ಬೇಕೆನಿಸಿದ್ದರೆ ಅಧಿಕಾರಿ ಕಲಂ 11ರಡಿ ಐದು ದಿನಗಳೊಳಗೆ ನೋಟಿಸು ಕೊಟ್ಟು ಕೇಳಬಹುದಿತ್ತು. ಆಕ್ಷೇಪಣೆ ಬಂದರೂ ಅದು ಪರಿಗಣಿಸಬೇಕಾದ ಮಾತೇ ಹೊರತು ಬಾಗಿಲಿಗೆ ಹಾಕುವ ಅಗಳಿಯಲ್ಲ.

ನಿಮ್ಮ ತಪ್ಪೂ ಒಂದಿದೆ, ಬೇಸರ ಮಾಡಿಕೊಳ್ಳಬೇಡಿ. ‘ಗುತ್ತಿಗೆದಾರನ ಮತ್ತು ಎಂಜಿನಿಯರನ ಸಂಪೂರ್ಣ ವಿವರ’ ಎಂದು ಕೇಳಿದಿರಿ. ಸಂಪೂರ್ಣ ಎಂದರೆ ಮನೆ ವಿಳಾಸವೇ, ಮೊಬೈಲ್ ಸಂಖ್ಯೆಯೇ, ಸೇವಾ ಪುಸ್ತಕವೇ? ಅಧಿಕಾರಿಯೊಬ್ಬರ ಗೌಪ್ಯ ವರದಿ, ಆಸ್ತಿ ವಿವರಗಳಂಥವು ಸಾಮಾನ್ಯವಾಗಿ ವೈಯಕ್ತಿಕ ಮಾಹಿತಿಯೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿಯೇ, ಹಳೆಯ ಕಲಂ ಇದ್ದಾಗಲೇ, ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಹೇಳಿದೆ. ಆ ಒಂದು ಪದದಿಂದ ನೀವು ಅಧಿಕಾರಿಗೆ ನೆವ ಒದಗಿಸಿದಿರಿ, ಅವರು ಅದರಲ್ಲಿ ಇಡೀ ಅರ್ಜಿಯನ್ನು ಮುಚ್ಚಿಟ್ಟರು. ಹಾಗೆ ಮುಚ್ಚಿಡುವುದನ್ನೂ ಕಾನೂನು ಒಪ್ಪುವುದಿಲ್ಲ: ಕೊಡಲಾಗದ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಬೇಕೆಂದು ಕಲಂ 10 ಹೇಳುತ್ತದೆ.

ಹಿಂಬರಹ ನಿಮ್ಮ ಕೈಸೇರಿದ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಿ. ನಿರಾಕರಣೆಗೆ ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಮೂರನ್ನೂ ಹಿಂಬರಹದಲ್ಲಿ ತಿಳಿಸುವುದು ಕಲಂ 7(8)ರ ಪ್ರಕಾರ ಕಡ್ಡಾಯ. ನೀವು ಹೇಳಿದ ಅರ್ಧ ಹಾಳೆಯಲ್ಲಿ ಕೊನೆಯ ಎರಡೂ ಇದ್ದಂತಿಲ್ಲ, ಮೊದಲನೆಯದೂ ಹೆಸರಿಗಷ್ಟೇ ಇದೆ. ಪ್ರಥಮ ಮೇಲ್ಮನವಿಯಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬೇಕು. ನಿರಾಕರಿಸಿದ್ದು ಸರಿ ಎಂದು ಸಾಧಿಸುವ ಹೊಣೆ ಅಲ್ಲಿ ನಿಮ್ಮದಲ್ಲ, ಅಧಿಕಾರಿಯದು. ಕಲಂ 19(5) ಅದನ್ನು ಸ್ಪಷ್ಟವಾಗಿ ಬರೆದಿಟ್ಟಿದೆ. ಸಕಾರಣವಿಲ್ಲದೆ ತಡಮಾಡಿದವರಿಗೂ ದುರುದ್ದೇಶದಿಂದ ನಿರಾಕರಿಸಿದವರಿಗೂ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ಬೀಳಬಹುದು, ಅದೂ ಸ್ವಂತ ಜೇಬಿನಿಂದ.

ತಿರುಗಿಬಿತ್ತೇ ಎಂದು ಕೇಳಿದಿರಿ. ಸರ್ವೋಚ್ಚ ನ್ಯಾಯಾಲಯದ 2017ರ ಆಗಸ್ಟ್ 24ರ ಆ ತೀರ್ಪಿನ ಅರ್ಜಿದಾರರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರ ಪ್ರಶ್ನೆ ಇದ್ದದ್ದು ಸರ್ಕಾರ ನಾಗರಿಕನ ಬಗ್ಗೆ ಎಷ್ಟು ತಿಳಿದುಕೊಳ್ಳಬಹುದು ಎಂದು. ನಾಗರಿಕ ಸರ್ಕಾರದ ಖರ್ಚಿನ ಬಗ್ಗೆ ಎಷ್ಟು ತಿಳಿದುಕೊಳ್ಳಬಹುದು ಎಂಬುದು ಬೇರೆಯ ಪ್ರಶ್ನೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದು ತಿದ್ದುಪಡಿಯೇ ಹೊರತು ತೀರ್ಪಲ್ಲ. ನೀವು ಸಿಹಿ ಹಂಚಿದ್ದು ಸರಿಯಾಗಿಯೇ ಇತ್ತು.

ಮರುಪ್ರಶ್ನೆ (ಶಿಕ್ಷಕಿ, ಹಾಸನ ಜಿಲ್ಲೆ):

ಮೇಡಂ, ಇನ್ನೊಂದು ಮಗ್ಗುಲನ್ನೂ ನೋಡಬೇಕಲ್ಲವೇ? ಒಂದು ಕಚೇರಿಯವರು ಪಿಂಚಣಿ ಫಲಾನುಭವಿಗಳ ಪಟ್ಟಿಯನ್ನು ಜಾಲತಾಣಕ್ಕೆ ಹಾಕಿದ್ದರು. ಅದರಲ್ಲಿ ನನ್ನ ತಾಯಿಯ ಹೆಸರಿನ ಮುಂದೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ಎಲ್ಲವೂ ಇತ್ತು. ಕೆಲವೇ ದಿನಗಳಲ್ಲಿ ‘ನಿಮ್ಮ ಪಿಂಚಣಿ ನಿಂತಿದೆ, ಓಟಿಪಿ ಹೇಳಿ’ ಎಂಬ ಕರೆಗಳು ಶುರುವಾದವು. ಪುಣ್ಯಕ್ಕೆ ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಪಾರದರ್ಶಕತೆ ಎಂದರೆ ಇದೇ ಆದರೆ ನನಗೆ ಬೇಡ.

ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದು. ಆಧಾರ್ ಸಂಖ್ಯೆಯನ್ನು ಹಾಗೆ ಬಹಿರಂಗವಾಗಿ ಪ್ರಕಟಿಸುವುದನ್ನು 2016ರ ಆಧಾರ್ ಅಧಿನಿಯಮದ ಕಲಂ 29(4) ನಿಷೇಧಿಸಿದೆ. ಕಚೇರಿಯ ಮುಖ್ಯಸ್ಥರಿಗೆ ಲಿಖಿತ ದೂರು ಕೊಟ್ಟು, ಟಪಾಲು ವಿಭಾಗದಿಂದ ದಿನಾಂಕದ ಮೊಹರು ಬಿದ್ದ ಸ್ವೀಕೃತಿ ಪಡೆಯಿರಿ. ಪಟ್ಟಿ ಇನ್ನೂ ಇದ್ದರೆ ವಿಳಾಸ ಮತ್ತು ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅಂಥ ಕರೆಯಿಂದ ಯಾರಾದರೂ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಆದರೆ ಪಟ್ಟಿಯೇ ಬೇಡ ಎಂಬಲ್ಲಿಗೆ ಹೋಗಬೇಡಿ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಲ್ಲಿ ಜನಸುನವಾಯಿ (ಊರ ಜನರ ಮುಂದೆ ನಡೆಯುವ ಬಹಿರಂಗ ವಿಚಾರಣೆ) ಆರಂಭಿಸಿದಾಗ ಮಾಡಿದ್ದು ಬಹಳ ಸರಳವಾದ ಕೆಲಸ: ಕಾಮಗಾರಿಯ ಹಾಜರಿ ಪಟ್ಟಿಯನ್ನು ಊರ ನಡುವೆ ಜೋರಾಗಿ ಓದಿದರು. ಕೂಲಿ ಪಡೆದವರೆಂದು ಬರೆದಿದ್ದವರಲ್ಲಿ ಆ ಕೆಲಸಕ್ಕೆ ಕಾಲೇ ಇಡದವರು ಇದ್ದರು, ಸತ್ತವರೂ ಇದ್ದರು. ಹೆಸರು ಓದದಿದ್ದರೆ ಸತ್ತವನು ಕೂಲಿ ಪಡೆದದ್ದು ಊರಿಗೆ ತಿಳಿಯುತ್ತಿರಲಿಲ್ಲ. ಇಂದಿನ ಮಾಹಿತಿ ಹಕ್ಕಿನ ಬೇರು ಅಲ್ಲಿದೆ. ಕರ್ನಾಟಕವಂತೂ ಕೇಂದ್ರಕ್ಕಿಂತ ಮೊದಲೇ, 2000ದಲ್ಲಿ, ಸ್ವಂತ ಮಾಹಿತಿ ಹಕ್ಕು ಅಧಿನಿಯಮ ಮಾಡಿಕೊಂಡಿತ್ತು. ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರ, ಪ್ರತಿ ಅಧಿಕಾರಿ ಮತ್ತು ನೌಕರರ ಮಾಸಿಕ ವೇತನ, ಇವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂಬ ಕಲಂ 4(1)(ಬಿ) ಇಂದಿಗೂ ಹಾಗೆಯೇ ಇದೆ. ಹೆಸರು, ಊರು, ಮೊತ್ತ ಇರಲಿ. ಆಧಾರ್, ಖಾತೆ, ಮೊಬೈಲ್ ಅಳಿಸಿರಲಿ. ಹಾಳೆಯಲ್ಲಿ ಮೂರು ಅಂಕಣ ಅಳಿಸುವುದಕ್ಕೆ ಐದು ನಿಮಿಷ ಸಾಕೆಂದು ಈ ಗುಂಪಿನ ಮಂದಿಗೆ ನಾನು ಹೇಳಬೇಕಾಗಿಲ್ಲ. ಆ ಐದು ನಿಮಿಷದ ಕೆಲಸ ಮಾಡದ ಕಚೇರಿಯೇ ರಸ್ತೆಯ ಬಿಲ್ಲು ಕೇಳಿದಾಗ ಖಾಸಗಿತನದ ಪಾಠ ಹೇಳುತ್ತದೆ ಎಂಬುದು ನನ್ನ ತಕರಾರು.

ಮರುಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ):

ಮೇಡಂ, ಒಂದು ಸರ್ಕಾರಿ ತಾಣದಲ್ಲಿ ನನ್ನ ಅರ್ಜಿಯ ವಿಳಾಸದ ಕೊನೆಯ ಅಂಕಿಯನ್ನು ಬದಲಿಸಿದರೆ ಬೇರೆಯವರ ಅರ್ಜಿ ತೆರೆದುಕೊಳ್ಳುತ್ತದೆ. ಎಷ್ಟು ಅರ್ಜಿಗಳು ಹೀಗೆ ಬಯಲಾಗಿವೆ ಎಂದು ಎಣಿಸಲು ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ಓಡಿಸಬಹುದೇ?

ಉತ್ತರ:

ಓಡಿಸಬೇಡಿ. ಮಾಲೀಕರ ಅನುಮತಿ ಇಲ್ಲದೆ ಗಣಕ ವ್ಯವಸ್ಥೆಯಿಂದ ದತ್ತಾಂಶ ಇಳಿಸಿಕೊಳ್ಳುವುದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಕಲಂ 43ರ ವ್ಯಾಪ್ತಿಗೆ ಬರುತ್ತದೆ. ಅದನ್ನೇ ಅಪ್ರಾಮಾಣಿಕ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ ಕಲಂ 66ರಡಿ ಮೂರು ವರ್ಷದವರೆಗೆ ಸೆರೆವಾಸ. ನಿಮ್ಮ ಉದ್ದೇಶ ಒಳ್ಳೆಯದು ಎಂಬುದು ನನಗೆ ಗೊತ್ತು, ಆದರೆ ಲ್ಯಾಪ್‌ಟಾಪ್ ಜಪ್ತಿಯಾದ ಮೇಲೆ ಅದನ್ನು ಸಾಬೀತು ಮಾಡುತ್ತಾ ಕೂರುವುದು ಪರೀಕ್ಷೆಗೆ ಓದುವ ಹುಡುಗನಿಗೆ ದುಬಾರಿ. ದೋಷವಿದೆ ಎಂದು ತೋರಿಸಲು ಈಗಾಗಲೇ ಕಂಡದ್ದೇ ಸಾಕು, ಸಾವಿರ ಅರ್ಜಿ ಬೇಕಿಲ್ಲ. ಕಂಡ ಕ್ರಮವನ್ನು ಬರೆದು, ಬೇರೆಯವರ ವಿವರ ಮಸುಕು ಮಾಡಿ, ಗಣಕ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೂ ಆ ಇಲಾಖೆಗೂ ಇಮೇಲ್ ಕಳುಹಿಸಿ. ಅವರು ಸರಿಪಡಿಸುವವರೆಗೆ ಎಲ್ಲಿಯೂ ಹಾಕಬೇಡಿ. ಈ ಗುಂಪಿನಲ್ಲಿಯೂ ತಾಣದ ಹೆಸರು ಹೇಳದಿದ್ದದ್ದು ಒಳ್ಳೆಯದಾಯಿತು.

ಮೊದಲ ಪ್ರಶ್ನೆ ಕೇಳಿದವರು:

ತುಂಬ ಉಪಕಾರವಾಯಿತು, ಮೇಡಂ. ಮೇಲ್ಮನವಿ ಸಿದ್ಧ ಮಾಡುತ್ತೇವೆ. ಜೊತೆಗೆ ಹೊಸ ಅರ್ಜಿಯನ್ನೂ ಹಾಕಲೇ? ಇನ್ನೊಂದು ಕಷ್ಟವಿದೆ. ಹಿಂದೊಮ್ಮೆ ಬೇರೆ ಕಚೇರಿಯವರು ಕೊಟ್ಟ ಪಿಡಿಎಫ್ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿತ್ತು. ತೆರೆದರೆ ಕನ್ನಡವಾಗಿ ಕಾಣುತ್ತದೆ, ನಕಲಿಸಿ ಅಂಟಿಸಿದರೆ ಲ್ಯಾಟಿನ್ ಅಕ್ಷರಗಳ ಚಿತ್ರಾನ್ನ. ಯೂನಿಕೋಡ್‌ನಲ್ಲಿಯೇ ಕೊಡಿ ಎಂದು ಕೇಳಬಹುದೇ?

ಉತ್ತರ:

ಹೊಸ ಅರ್ಜಿಯನ್ನೂ ಹಾಕಿ, ಮೇಲ್ಮನವಿಗೆ ಅದರಿಂದ ಬಾಧಕವಿಲ್ಲ. ಕೇಳಿದ ರೂಪದಲ್ಲಿಯೇ ಮಾಹಿತಿ ಕೊಡುವುದು ಸಾಮಾನ್ಯ ನಿಯಮ. ಅದರಿಂದ ಕಚೇರಿಯ ಸಂಪನ್ಮೂಲ ವಿಪರೀತ ವ್ಯಯವಾಗುವಂತಿದ್ದರೆ ಅಥವಾ ದಾಖಲೆಗೆ ಹಾನಿಯಾಗುವಂತಿದ್ದರೆ ಮಾತ್ರ ಕಲಂ 7(9) ವಿನಾಯಿತಿ ಕೊಡುತ್ತದೆ. ಆದ್ದರಿಂದ ಗಣಕದಲ್ಲಿ ಇರುವ ಮೂಲ ಕಡತವನ್ನೇ ಕೇಳಿ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ ಕೊಡಿ ಎಂದರೆ, ಇಲ್ಲದ ದಾಖಲೆಯನ್ನು ಸೃಷ್ಟಿಸಬೇಕಿಲ್ಲ ಎಂಬ ಉತ್ತರ ಬರಬಹುದು; ಆ ಕೆಲಸಕ್ಕೆ ನಿಮ್ಮಲ್ಲಿಯೇ ಪರಿವರ್ತಕ ಬರೆಯಬಲ್ಲವರು ಇದ್ದಾರೆ. 2005ರ ಅಧಿನಿಯಮದ ಕಲಂ 2(ಜೆ)ಯಲ್ಲಿ ಫ್ಲಾಪಿ, ವಿಡಿಯೊ ಕ್ಯಾಸೆಟ್ ಎಂಬ ಪದಗಳು ಇನ್ನೂ ಇವೆ, ಹಳೆಯ ಗಣಕದ ಗೀಳಿನವರು ಓದಿ ಸಂತೋಷಪಡಬಹುದು. ಅದೇ ಕಲಮಿನಲ್ಲಿ ಹೆಚ್ಚಿನವರು ಬಳಸದ ಎರಡು ಹಕ್ಕುಗಳಿವೆ: ಕಾಮಗಾರಿಯನ್ನೇ ಪರಿಶೀಲಿಸುವುದು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು. ರಸ್ತೆಯ ಡಾಂಬರಿನ ತುಂಡನ್ನೇ ಕೇಳಬಹುದು. ಪುಸ್ತಕದಲ್ಲಿ ಬರೆದ ದಪ್ಪಕ್ಕೂ ಆ ತುಂಡಿನ ದಪ್ಪಕ್ಕೂ ತಾಳೆಯಾಗುತ್ತದೆಯೇ ಎಂದು ನೋಡಲು ಅಡಿಪಟ್ಟಿ ಇದ್ದರೆ ಸಾಕು.

ಅರ್ಜಿಯ ನಮೂನೆ ‘ಎ’ಯಲ್ಲಿ ಹೀಗೆ ಬರೆಯಿರಿ: “ಈ ಕೆಳಗಿನ ಸಂಖ್ಯೆಯ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಸಂಬಂಧಿಸಿದ ಪುಟಗಳು ಹಾಗೂ ಪಾವತಿಸಿದ ಬಿಲ್ಲುಗಳ ದೃಢೀಕೃತ ಪ್ರತಿ, ಗಣಕದಲ್ಲಿ ಇರುವಲ್ಲಿ ಮೂಲ ಕಡತ, ಕಾಮಗಾರಿಯ ಪರಿಶೀಲನೆಗೆ ದಿನ ನಿಗದಿ, ಡಾಂಬರು ಪದರದ ಒಂದು ದೃಢೀಕೃತ ಮಾದರಿ. ಸಾರ್ವಜನಿಕ ಹಣದಿಂದ ಆದ ರಸ್ತೆ ಒಂದು ಮಳೆಗಾಲದಲ್ಲಿ ಹಾಳಾಗಿರುವುದರಿಂದ ಕಲಂ 8(2)ರ ಸಾರ್ವಜನಿಕ ಹಿತ ಇದರಲ್ಲಿದೆ. ಯಾರದೇ ಮನೆ ವಿಳಾಸ, ದೂರವಾಣಿ, ಖಾತೆ ಸಂಖ್ಯೆ ಬೇಕಾಗಿಲ್ಲ. ಇದ್ದರೆ ಕಲಂ 10ರಂತೆ ಅಳಿಸಿ ನೀಡಿ.” ಇದು 150 ಪದಗಳ ಒಳಗೇ ಮುಗಿಯುತ್ತದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ. ಹಿಂಬರಹ ಬಂದಿದ್ದ ಲಕೋಟೆಯನ್ನು ಬಿಸಾಡಿಲ್ಲ ತಾನೇ? ಮೇಲ್ಮನವಿಯ ಮೂವತ್ತು ದಿನ ಎಣಿಸುವುದು ಅದು ಕೈಸೇರಿದ ದಿನದಿಂದ, ಅಂಚೆಯ ಮುದ್ರೆ ಇರುವುದು ಅದರ ಮೇಲೆಯೇ.