ಹಾಸ್ಟೆಲ್ ಇರುವ ಕಾಲೇಜಿಗೆ ಕಂಪ್ಯೂಟರ್ ಲ್ಯಾಬ್ ಎಲ್ಲಿ ಮಾಡಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಉಪನ್ಯಾಸಕ

ನಮ್ಮದು ಆಗುಂಬೆ ರಸ್ತೆಯಲ್ಲಿರುವ ವಸತಿ ಪದವಿ ಕಾಲೇಜು. 360 ಮಕ್ಕಳಿದ್ದಾರೆ, ಅದರಲ್ಲಿ 210 ಹುಡುಗಿಯರು. ಬಿ.ಕಾಂ., ಬಿ.ಸಿ.ಎ. ಎರಡೂ ಇವೆ. ಆಡಳಿತ ಮಂಡಳಿ 40 ಕಂಪ್ಯೂಟರ್‌ಗೆ ಒಪ್ಪಿದೆ. ಲೈಬ್ರರಿ ಹಿಂದೆ ನೆಲಮಹಡಿಯಲ್ಲಿ ಒಂದು ದೊಡ್ಡ ಕೋಣೆ ಖಾಲಿ ಇದೆ. ಅದರ ಬೆನ್ನಿಗೆ ದರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ. ಇಲ್ಲವಾದರೆ ಎರಡು ಹಾಸ್ಟೆಲ್‌ಗಳಲ್ಲಿ ಇಪ್ಪತ್ತಿಪ್ಪತ್ತು ಹಾಕಬಹುದು. ಯಾವುದು ವಾಸಿ? ಜೂನ್ ಒಳಗೆ ಮುಗಿಯಬೇಕು.

ಹೊಸನಗರದ ಲ್ಯಾಬ್ ಸಹಾಯಕ:

ದರೆ ಅಂದಿರಲ್ಲ, ಅಲ್ಲಿಗೇ ಓದುವುದು ನಿಲ್ಲಿಸಿ ಬರೆಯಲು ಕೂತೆ.

ನಮ್ಮ ಲ್ಯಾಬೂ ಗುಡ್ಡ ಕಡಿದು ಕಟ್ಟಿದ ಕಟ್ಟಡದಲ್ಲೇ ಇತ್ತು. ಹಿಂದಿನ ಗೋಡೆಗೂ ದರೆಗೂ ನಡುವೆ ಮೂರಡಿ ಜಾಗ. ಮೇ ತಿಂಗಳಲ್ಲಿ ನೋಡಿದಾಗ ಗೋಡೆ ಒಣಗಿ ಗರಿಗರಿಯಾಗಿತ್ತು. ಪುನರ್ವಸು ಮಳೆ ಹಿಡಿಯಿತು ನೋಡಿ, ನೆಲದಿಂದ ನಾಲ್ಕಡಿ ಎತ್ತರಕ್ಕೆ ಪಸೆ ಏರಿತು. ಮಳೆ ರಜೆ ಅಂತ ಒಂಬತ್ತು ದಿನ ಬೀಗ ಹಾಕಿದ್ದೆವು. ಬಾಗಿಲು ತೆಗೆದರೆ ಮೂಗಿಗೆ ಬೂಷ್ಟಿನ ವಾಸನೆ ಬಡಿಯಿತು. ಕುರ್ಚಿಯ ಬಟ್ಟೆ, ಮೌಸ್ ಪ್ಯಾಡ್ ಎಲ್ಲದರ ಮೇಲೂ ಹಸಿರು. 30 ಕಂಪ್ಯೂಟರ್‌ಗಳಲ್ಲಿ 11 ಆನ್ ಆಗಲಿಲ್ಲ. ಐದರ ರ‍್ಯಾಮ್ ಬಿಚ್ಚಿ, ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಹಾಕಿದೆ, ಎದ್ದವು. ನಾಲ್ಕಕ್ಕೆ ಎಸ್.ಎಂ.ಪಿ.ಎಸ್. (ಒಳಗೆ ಕರೆಂಟ್ ಕೊಡುವ ಡಬ್ಬಿ) ಹೋಗಿತ್ತು, ಎರಡಕ್ಕೆ ಮದರ್‌ಬೋರ್ಡೇ.

ಲೆಕ್ಕ ಹೇಳುತ್ತೇನೆ. ಎಸ್.ಎಂ.ಪಿ.ಎಸ್.ಗೆ 4,600. ಮದರ್‌ಬೋರ್ಡ್‌ಗೆ 10,400. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ತಂದೆವು, 31,000. ಅದು ದಿನಕ್ಕೆ ಒಂಬತ್ತು ಲೀಟರ್ ನೀರು ಹಿಡಿಯುತ್ತಿತ್ತು. ಆ ಬಕೆಟ್ ಚೆಲ್ಲುವುದೇ ನನಗೊಂದು ಕೆಲಸವಾಯಿತು. ಕಡೆಗೂ ಗೋಡೆ ಒಣಗಲಿಲ್ಲ, ವೈರಿಂಗ್ ಎಲ್ಲ ಬಿಚ್ಚಿ ಮೇಲಿನ ಮಹಡಿಗೆ ಹಾಕಲು 52,800. ಒಟ್ಟು 98,800 ರೂಪಾಯಿ. ಮಂಡಳಿ ಸಭೆಯಲ್ಲಿ ಎದ್ದು ನಿಂತು ಇದನ್ನು ಹೇಳಿದವನು ನಾನು. ಜಾಗ ಆರಿಸಿದವರು ಅವತ್ತು ಸಭೆಗೇ ಬರಲಿಲ್ಲ.

ಮೇಲಿನ ಮಹಡಿಗೆ ಹೋದ ಮೇಲೆ ನಾಲ್ಕು ಮಳೆಗಾಲ ಕಳೆದಿದೆ. ರಜೆ ಇರಲಿ ಬಿಡಲಿ, ಮಳೆಗಾಲದಲ್ಲಿ ದಿನಕ್ಕೆ ಎರಡು ಗಂಟೆ ಎಲ್ಲ ಕಂಪ್ಯೂಟರ್ ಆನ್ ಮಾಡಿ ಇಡುತ್ತೇನೆ. ಒಳಗಿನ ಬಿಸಿಗೆ ಥಂಡಿ ಹಿಡಿಯುವುದಿಲ್ಲ. ಆಮೇಲೆ ಒಂದೂ ಹೋಗಿಲ್ಲ.

ಸಾಗರದ ಮಾಜಿ ವಾರ್ಡನ್:

ಗೋಡೆ ಬಗ್ಗೆ ಎಲ್ಲರೂ ಹೇಳುತ್ತಾರೆ. ಆ 210 ಹುಡುಗಿಯರ ಬಗ್ಗೆ ಯಾರೂ ಹೇಳುವುದಿಲ್ಲ.

ನಾನಿದ್ದ ಕಾಲೇಜಿನಲ್ಲಿ ಲ್ಯಾಬ್ ರಾತ್ರಿ ಎಂಟರವರೆಗೆ ತೆರೆದಿತ್ತು. ಹುಡುಗಿಯರ ಹಾಸ್ಟೆಲ್ ಗೇಟು ಆರೂವರೆಗೆ ಹಾಕುತ್ತಿದ್ದರು. ಹಾಗಾದರೆ ಆ ಲ್ಯಾಬ್ ಯಾರಿಗೆ? ಒಂದು ತಿಂಗಳ ರಿಜಿಸ್ಟರ್ ತೆಗೆದು ಎಣಿಸಿದೆ. ಆರೂವರೆ ನಂತರ ಒಬ್ಬಳೇ ಒಬ್ಬ ಹುಡುಗಿಯ ಸಹಿ ಇರಲಿಲ್ಲ. ಅದನ್ನು ಪ್ರಾಂಶುಪಾಲರ ಮೇಜಿನ ಮೇಲಿಟ್ಟೆ. ಎಂಟು ತಿಂಗಳು ಓಡಾಡಿಸಿದರು. ಕಡೆಗೆ ಹಾಸ್ಟೆಲ್‌ನ ಹಳೇ ಉಗ್ರಾಣ ಖಾಲಿ ಮಾಡಿಸಿ 14 ಕಂಪ್ಯೂಟರ್ ಹಾಕಿಸಿದೆ. ಕಿಟಕಿ ಸರಳಿಗೆ 14,000, ಮೇಜಿಗೆ 39,000. ರಾತ್ರಿ ಹತ್ತೂವರೆವರೆಗೆ ತೆರೆದಿರುತ್ತಿತ್ತು, ಒಂದು ಸೀಟೂ ಖಾಲಿ ಇರುತ್ತಿರಲಿಲ್ಲ. ಅಲ್ಲಿ ಪ್ರಾಜೆಕ್ಟ್ ಮಾಡಿದ ಹುಡುಗಿಯರು ಈಗಲೂ ಫೋನ್ ಮಾಡುತ್ತಾರೆ. ನನ್ನ ನೌಕರಿಯಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ನಾನು ಮಾಡಿಲ್ಲ.

ಇನ್ನೊಂದು ಮಾತು, ಬಾಗಿಲ ಹೊರಗೆ ಅಗಲ ಜಗಲಿ ಇರಲಿ. 20 ಒದ್ದೆ ಕೊಡೆ ಒಳಗೆ ಬಂದರೆ ಯಾವ ಮಹಡಿಯಾದರೂ ಒಂದೇ. ಚಪ್ಪಲಿ ಬಿಚ್ಚಿ ಉಂಬಳ (ಜಿಗಣೆ) ಹತ್ತಿದೆಯಾ ಅಂತ ನೋಡಿಕೊಳ್ಳಲು ಒಂದು ಬೆಂಚು, ಡಬ್ಬಿಯಲ್ಲಿ ಉಪ್ಪು. ಸಣ್ಣ ವಿಷಯ ಅಲ್ಲ ಇದು.

ತೀರ್ಥಹಳ್ಳಿಯ ಎಲೆಕ್ಟ್ರಿಕಲ್ ಗುತ್ತಿಗೆದಾರ:

ಮೇಡಂ ಹೇಳಿದ್ದು ಸರಿ, ಆದರೆ ಎರಡು ಕಡೆ ಲ್ಯಾಬ್ ಅಂದರೆ ನಡುವೆ ಕೇಬಲ್ ಎಳೆಯಬೇಕು. ಪೆಟ್ಟು ತಿಂದದ್ದು ಅಲ್ಲೇ.

ಒಂದು ವಸತಿ ಶಾಲೆಯಲ್ಲಿ ಎರಡು ಕಟ್ಟಡಗಳ ನಡುವೆ 70 ಮೀಟರ್ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದಿದ್ದರು. 100 ಮೀಟರ್ ಒಳಗಿದೆ, ನಡೆಯುತ್ತದೆ ಅಂತ. ನಡೆಯಿತು ಕೂಡ. ಭರಣಿ ಮಳೆಯ ಒಂದು ಸಂಜೆ ಹತ್ತಿರದ ತೆಂಗಿನ ಮರಕ್ಕೆ ಸಿಡಿಲು ಹೊಡೆಯಿತು. ಯು.ಪಿ.ಎಸ್. ಸರಿಯಾಗೇ ಇತ್ತು, ಕರೆಂಟಿನ ಕಡೆಯಿಂದ ಏನೂ ಬರಲಿಲ್ಲ. ಬಂದಿದ್ದು ನೆಟ್‌ವರ್ಕ್ ಕೇಬಲ್‌ನಲ್ಲಿ. ಎರಡು ನೆಟ್‌ವರ್ಕ್ ಸ್ವಿಚ್, ಒಂಬತ್ತು ಮದರ್‌ಬೋರ್ಡ್ ಸುಟ್ಟವು. 61,000 ರೂಪಾಯಿ. ಬಿಲ್ಲಿನ ಸಿಟ್ಟು ನನ್ನ ಮೇಲೆ. ಆ ಕೇಬಲ್ ನಾನು ಎಳೆದದ್ದೇ ಅಲ್ಲ.

ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಮಾತ್ರ ಹಾಕಿ, ಅದು ಗಾಜಿನ ಎಳೆ, ಕರೆಂಟ್ ಹರಿಯುವುದಿಲ್ಲ. ಅದೂ ಲೋಹದ ಕವಚ ಇಲ್ಲದ್ದು. ಅರ್ತಿಂಗ್ (ಕರೆಂಟನ್ನು ನೆಲಕ್ಕಿಳಿಸುವ ಗುಂಡಿ) ಮಳೆಗಾಲದಲ್ಲಿ ಅಳೆದು ಸಮಾಧಾನ ಪಡಬೇಡಿ. ಇದು ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಆಗಸ್ಟ್‌ನಲ್ಲಿ 1.8 ಓಮ್ ತೋರಿಸಿದ ಗುಂಡಿ ಏಪ್ರಿಲ್‌ನಲ್ಲಿ 14 ತೋರಿಸಿದ್ದನ್ನು ನಾನೇ ಅಳೆದಿದ್ದೇನೆ. ಓಮ್ ಹೆಚ್ಚಿದಷ್ಟೂ ಅರ್ತಿಂಗ್ ಕೆಟ್ಟದ್ದು. ಸಿಡಿಲು ಹೆಚ್ಚು ಬರುವುದು ಆ ಏಪ್ರಿಲ್, ಮೇ ತಿಂಗಳಲ್ಲೇ ಅಲ್ವಾ?

40 ಕಂಪ್ಯೂಟರ್ ಅಂದರೆ ಮಾನಿಟರ್ ಸೇರಿ ತಲಾ 100 ವ್ಯಾಟ್ ಹಿಡಿಯಿರಿ, 4 ಕಿಲೋವ್ಯಾಟ್ ಆಯಿತು. 5 ಕೆ.ವಿ.ಎ. ಯು.ಪಿ.ಎಸ್. ಸಾಕು ಅಂತ ಮಾರುವವರು ಹೇಳುತ್ತಾರೆ. ಸಾಲುವುದಿಲ್ಲ, ಹಲವು 5 ಕೆ.ವಿ.ಎ. ಯು.ಪಿ.ಎಸ್. ಕೊಡುವುದೇ 4 ಕಿಲೋವ್ಯಾಟ್, ಉಸಿರಾಡಲೂ ಜಾಗ ಇರುವುದಿಲ್ಲ. 7.5ಕ್ಕೆ ಹೋಗಿ. ನೀರು ಹಾಕುವ ಬ್ಯಾಟರಿಯಾದರೆ ಲ್ಯಾಬ್ ಒಳಗೆ ಇಡಬೇಡಿ, ಗಾಳಿಯಾಡುವ ಬೇರೆ ಕೋಣೆ ಬೇಕು.

ಸಾಗರದ ಮಾಜಿ ವಾರ್ಡನ್:

ಸಿಡಿಲು ಬರುತ್ತದೆ ಅಂತ ಹುಡುಗಿಯರ ಹಾಸ್ಟೆಲ್‌ಗೆ ಕಂಪ್ಯೂಟರ್ ಬೇಡವೇ? ಎಂಟು ತಿಂಗಳು ಇದೇ ತರದ ಮಾತು ಕೇಳಿದ್ದೇನೆ. ಒಂದು ದಿನ ವೈರಿಂಗ್, ಒಂದು ದಿನ ಬಜೆಟ್, ಇನ್ನೊಂದು ದಿನ ಶಿಸ್ತು.

ತೀರ್ಥಹಳ್ಳಿಯ ಎಲೆಕ್ಟ್ರಿಕಲ್ ಗುತ್ತಿಗೆದಾರ:

ಬೇಡ ಅಂತ ನಾನೆಲ್ಲಿ ಹೇಳಿದೆ? ಫೈಬರ್ ಹಾಕಿ ಅಂದೆ. ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಓದಿ ಮಾತಾಡಿ.

ಶಿವಮೊಗ್ಗದ ಸಾಫ್ಟ್‌ವೇರ್ ಉದ್ಯೋಗಿ:

ಇಷ್ಟೆಲ್ಲ ಯಾಕೆ? ಕೋಣೆ, ಯು.ಪಿ.ಎಸ್., ದರೆ, ಸಿಡಿಲು. ಮಕ್ಕಳಿಗೆ ಲ್ಯಾಪ್‌ಟಾಪ್ ತೆಗೆದುಕೊಳ್ಳಲು ಹೇಳಿ, ಒಳ್ಳೆ ವೈಫೈ ಕೊಡಿ. ನಾನು ಓದಿದ್ದು ಹಾಗೇ. ಹಾಸ್ಟೆಲ್ ಮಂಚದ ಮೇಲೆ ಕೂತೇ ಕೋಡಿಂಗ್ ಕಲಿತೆ.

ಹೊಸನಗರದ ಲ್ಯಾಬ್ ಸಹಾಯಕ:

ನಿಮ್ಮ ಅಪ್ಪ ಕೊಡಿಸಿದರು, ಕಲಿತಿರಿ. ಸಂತೋಷ. ನಮ್ಮಲ್ಲಿ ಅಡಿಕೆ ಕೊನೆ ತೆಗೆಯಲು ಹೋಗುವವರ, ಸುಲಿಯಲು ಹೋಗುವವರ ಮಕ್ಕಳಿದ್ದಾರೆ. ಪರೀಕ್ಷೆ ಫೀಸಿಗೇ ಎರಡು ಕಂತು ಕೇಳುತ್ತಾರೆ. ಮೊದಲ ವರ್ಷ ಬಂದಾಗ ಮೌಸ್ ಹಿಡಿದ ಕೈ ನಡುಗುವುದನ್ನು ನಾನು ಪ್ರತಿ ಜುಲೈಯಲ್ಲೂ ನೋಡುತ್ತೇನೆ. 40 ಸಾವಿರದ ಲ್ಯಾಪ್‌ಟಾಪ್ ತನ್ನಿ ಅಂತ ಅವರ ಮನೆಗೆ ಹೋಗಿ ನೀವೇ ಹೇಳಿ.

ಶಿವಮೊಗ್ಗದ ಸಾಫ್ಟ್‌ವೇರ್ ಉದ್ಯೋಗಿ:

ಅಪ್ಪನ ವಿಷಯ ತರಬೇಡಿ. ನನ್ನದು ಬ್ಯಾಂಕ್ ಸಾಲದ ಲ್ಯಾಪ್‌ಟಾಪ್. ಕೆಲಸ ಸಿಕ್ಕ ಮೇಲೆ ನಾನೇ ತೀರಿಸಿದೆ.

ಭದ್ರಾವತಿಯ ಕಂಪ್ಯೂಟರ್ ಶಿಕ್ಷಕಿ:

ಹೊಸದೇ ಬೇಕು ಅಂತಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಸುರಕ್ಷತಾ ಚಿಪ್ ಬೇಕು, ನಮ್ಮ 26 ಹಳೇ ಕಂಪ್ಯೂಟರ್‌ಗಳಲ್ಲಿ ಇರಲಿಲ್ಲ. ಗುಜರಿಗೆ ಹಾಕಿ ಅಂದರು. ನಾನು ಬಿಡಲಿಲ್ಲ. ತಲಾ ಒಂದು ಎಸ್.ಎಸ್.ಡಿ. (ವೇಗದ ಡಿಸ್ಕ್) ಹಾಕಿಸಿ, ವಿಂಡೋಸ್ ಬದಲು ಉಚಿತ ಲಿನಕ್ಸ್ ಆದ ಉಬುಂಟು ಹಾಕಿದೆ. ಎರಡು ಭಾನುವಾರ ಒಬ್ಬಳೇ ಕೂತು ಮಾಡಿದ್ದು. 26ಕ್ಕೆ 26 ಓಡುತ್ತಿವೆ.

ಸಾಗರದ ವಾಣಿಜ್ಯ ಉಪನ್ಯಾಸಕ:

ನಿಮ್ಮಲ್ಲಿ ಬಿ.ಕಾಂ. ಇಲ್ಲ ಅಂತ ಕಾಣುತ್ತದೆ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ನಮ್ಮಲ್ಲೂ ಒಬ್ಬರು ಹುರುಪಿನಲ್ಲಿ ಎಲ್ಲವನ್ನೂ ಲಿನಕ್ಸ್ ಮಾಡಿದರು. ನನ್ನ 58 ಮಕ್ಕಳು ಒಂದು ಸೆಮಿಸ್ಟರ್ ಪೂರ್ತಿ ಟ್ಯಾಲಿಯನ್ನು ಬೋರ್ಡ್ ಮೇಲೆ ಕಲಿತರು. ಸೀಮೆಸುಣ್ಣದಲ್ಲಿ! ಸಂದರ್ಶನಕ್ಕೆ ಹೋದವರು ಅತ್ತುಕೊಂಡು ವಾಪಸ್ ಬಂದರು.

ಭದ್ರಾವತಿಯ ಕಂಪ್ಯೂಟರ್ ಶಿಕ್ಷಕಿ:

ಹತ್ತು ಕಂಪ್ಯೂಟರ್‌ಗೆ ವಿಂಡೋಸ್ ಉಳಿಸಿಕೊಳ್ಳಬಹುದಿತ್ತು. ಅದು ಲಿನಕ್ಸ್ ತಪ್ಪಲ್ಲ, ಕೇಳದೇ ಮಾಡಿದವರ ತಪ್ಪು.

ಸಾಗರದ ವಾಣಿಜ್ಯ ಉಪನ್ಯಾಸಕ:

ಕನ್ನಡ ಟೈಪಿಂಗ್ ಏನು ಮಾಡುತ್ತೀರಿ? ನಮ್ಮ ಕಚೇರಿಯ ಹತ್ತು ವರ್ಷದ ಕಡತ ಎಲ್ಲ ಹಳೇ ‘ನುಡಿ’ ಕನ್ನಡ ತಂತ್ರಾಂಶದಲ್ಲಿದೆ.

ಭದ್ರಾವತಿಯ ಕಂಪ್ಯೂಟರ್ ಶಿಕ್ಷಕಿ:

ಉಬುಂಟುವಿನಲ್ಲಿ ಕಗಪ ಕೀಲಿಮಣೆ ಇದೆ. ಹೆಚ್ಚುಕಡಿಮೆ ನುಡಿಯಲ್ಲಿ ಒತ್ತುವ ಕೀಲಿಗಳೇ. ಹಳೇ ಕಡತವನ್ನು ಎಲ್ಲ ಕಂಪ್ಯೂಟರ್‌ನಲ್ಲೂ ಓದಲು ಬರುವ ಯುನಿಕೋಡ್ ಅಕ್ಷರಕ್ಕೆ ತಿರುಗಿಸಿ. ಇನ್ನೂ ಹತ್ತು ವರ್ಷ ಹಾಗೇ ಇಟ್ಟರೆ ಆಮೇಲೆ ತೆರೆದು ಓದುವವರು ಯಾರು?

ಸಾಗರದ ವಾಣಿಜ್ಯ ಉಪನ್ಯಾಸಕ:

ತಿರುಗಿಸಿ ನೋಡಿದ್ದೇನೆ. ಒತ್ತಕ್ಷರ ಎಲ್ಲ ಕೆಟ್ಟು ಬಂದವು. 300 ಪುಟ ಕೈಯಾರೆ ತಿದ್ದಿದ್ದೇನೆ. ಸುಮ್ನೆ ಹೇಳುವುದು ಸುಲಭ.

ಪ್ರಶ್ನೆ ಕೇಳಿದ ಉಪನ್ಯಾಸಕ:

ಎಲ್ಲರಿಗೂ ವಂದನೆ. ಹುಡುಗಿಯರ ಹಾಸ್ಟೆಲ್‌ನಲ್ಲಿ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಇದೆ, ನಾಳೆ ಅಳೆಯುತ್ತೇನೆ. ಆದರೆ ಮಂಡಳಿಯವರು ಲೈಬ್ರರಿ ಹಿಂದಿನ ಕೋಣೆ ಬಿಡುವ ಹಾಗೆ ಕಾಣುವುದಿಲ್ಲ. ಈಗ ಗೋಡೆ ಒಣಗಿದೆ, ಪಸೆ ಬರುತ್ತದೆ ಅಂತ ತೋರಿಸುವುದು ಹೇಗೆ?

ಹೊಸನಗರದ ಲ್ಯಾಬ್ ಸಹಾಯಕ:

ಎರಡಡಿ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಹಿಂದಿನ ಗೋಡೆಗೆ ನೆಲದಿಂದ ಒಂದಡಿ ಮೇಲೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಒತ್ತಿ. ಎರಡು ದಿನ ಬಿಡಿ. ಒಳಮೈಯಲ್ಲಿ ನೀರು ಕೂತಿದ್ದರೆ ಗೋಡೆಯೊಳಗೆ ಈಗಲೇ ಥಂಡಿ ಇದೆ ಅಂತ. ಫೋಟೋ ತೆಗೆದು ಮಂಡಳಿಗೆ ಕಳಿಸಿ. ಒಣಗಿದ್ದರೂ ನಂಬಬೇಡಿ, ಮೇ ತಿಂಗಳಲ್ಲಿ ನಮ್ಮದೂ ಒಣಗಿತ್ತು. ಆ ಕೋಣೆಯಲ್ಲಿ ಹೋದ ಜುಲೈಯಲ್ಲಿ ಏನಿಟ್ಟಿದ್ದರು ಅಂತ ಲೈಬ್ರರಿ ಅಟೆಂಡರ್ ಹತ್ತಿರ ಕೇಳಿ. ಪುಸ್ತಕಕ್ಕೆ ಬೂಷ್ಟು ಬಂದಿತ್ತಾ ಅಂತ ಅವರಿಗೆ ಗೊತ್ತಿರುತ್ತದೆ.

ಸಾಗರದ ಮಾಜಿ ವಾರ್ಡನ್:

ಮೇಲಿನ ಮಹಡಿ ಕೋಣೆ ಅಳೆಯುವಾಗ ವಾರ್ಡನ್ ಕರೆದುಕೊಂಡು ಹೋಗಿ. ರಾತ್ರಿ ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ಅವತ್ತೇ ಮಾತಾಡಿ, ಬರೆಸಿಕೊಳ್ಳಿ.