ವಿಮಾನ ತುಂಬಿದ್ದರೂ ಏರ್‌ಲೈನ್ ಮುಳುಗುವುದು ಯಾಕೆ?

ಪ್ರಶ್ನೆ: ಯಾವ ವಿಮಾನ ಹತ್ತಿದರೂ ಸೀಟು ಖಾಲಿ ಇರುವುದಿಲ್ಲ. ಆದರೂ ಒಂದಾದ ಮೇಲೊಂದು ಏರ್‌ಲೈನ್ ಬಾಗಿಲು ಹಾಕುತ್ತದೆ. ಟಿಕೆಟ್ ದರ ಕಮ್ಮಿ ಇಡುವುದೇ ಕಾರಣವಾ? ಏರ್‌ಲೈನ್ ಹಣಕಾಸು ಗೊತ್ತಿರುವವರು ಹೇಳ್ತೀರಾ?

ಉತ್ತರ: ಖರ್ಚು ಇನ್ನೂ ಕಮ್ಮಿ ಇದ್ದರೆ ಕಮ್ಮಿ ದರದಿಂದ ಏನೂ ತೊಂದರೆಯಿಲ್ಲ. ಆದರೆ ಇಲ್ಲಿ ಕೈಗೆ ಉಳಿಯುವುದೇ ಚೂರು. 2025ಕ್ಕೆ ಏರ್‌ಲೈನ್‌ಗಳ ಜಾಗತಿಕ ಸಂಘಟನೆ ಐಎಟಿಎ ಮಾಡಿದ ಅಂದಾಜಿನಲ್ಲಿ ಒಬ್ಬ ಪ್ರಯಾಣಿಕನಿಂದ ಸಿಗುವ ನಿವ್ವಳ ಲಾಭ ಸರಾಸರಿ 7 ಡಾಲರ್ ಆಸುಪಾಸು. ಇಂಧನ ಸ್ವಲ್ಪ ದುಬಾರಿಯಾದರೆ ಅದೂ ಹೋಯಿತು.

ಲೀಸ್‌ಗೆ, ಅಂದರೆ ಬಾಡಿಗೆಗೆ ತಂದ ವಿಮಾನ ಹಾರಿದರೂ ಬಾಡಿಗೆ ಕಟ್ಟಬೇಕು, ನಿಂತರೂ ಕಟ್ಟಬೇಕು. ಅದಕ್ಕೇ ಗೆಲ್ಲುವವರು ವಿಮಾನವನ್ನು ಸುಮ್ನೆ ನಿಲ್ಲಲು ಬಿಡುವುದಿಲ್ಲ. ಅಮೆರಿಕದ ಸೌತ್‌ವೆಸ್ಟ್ 1971ರಲ್ಲಿ ಹಾರಾಟ ಶುರು ಮಾಡಿತು. ಮರುವರ್ಷವೇ ದುಡ್ಡಿನ ಮುಗ್ಗಟ್ಟಿನಿಂದ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ನಾಲ್ಕರ ಕೆಲಸವನ್ನು ಮೂರರಲ್ಲೇ ಮಾಡಲು ಹೊರಟರು. ಇಳಿದ ವಿಮಾನ ಹತ್ತೇ ನಿಮಿಷದಲ್ಲಿ ಮತ್ತೆ ಹೊರಡಬೇಕು! ಅಷ್ಟರೊಳಗೆ ಜನ ಇಳಿದು, ಲಗೇಜ್ ಬದಲಾಗಿ, ಕ್ಯಾಬಿನ್ ಕ್ಲೀನ್ ಆಗಿ, ಹೊಸಬರು ಹತ್ತಿ ಕೂರಬೇಕು. ಮಾಡಿ ತೋರಿಸಿದರು. ಈ ಉದಾಹರಣೆ ನನಗೆ ಇವತ್ತಿಗೂ ತುಂಬಾ ಇಷ್ಟ.

ಸೋಲು ಶುರುವಾಗುವುದು ಮಾತ್ರ ಕ್ಯಾಶ್‌ನಲ್ಲಿ. ಟಿಕೆಟ್ ದುಡ್ಡು ಇವತ್ತೇ ಬರುತ್ತದೆ, ಪ್ರಯಾಣ ಎರಡು ತಿಂಗಳ ನಂತರ. ಅದು ಪ್ರಯಾಣಿಕನಿಗೆ ಬಾಕಿ ಇರುವ ಸೇವೆಯ ದುಡ್ಡು. ಅದನ್ನೇ ಹಳೇ ಸಾಲಕ್ಕೆ ಕಟ್ಟುತ್ತಾ ಹೋದರೆ ಒಂದು ದಿನ ಸುದ್ದಿ ಹಬ್ಬುತ್ತದೆ. ಜನ ಮುಂಗಡ ಬುಕಿಂಗ್ ನಿಲ್ಲಿಸುತ್ತಾರೆ. ಕಾರ್ಡ್ ಪೇಮೆಂಟ್ ನೋಡಿಕೊಳ್ಳುವ ಬ್ಯಾಂಕ್ ದುಡ್ಡು ತಡೆಹಿಡಿಯುತ್ತದೆ. ಇಂಧನದವರು ಕ್ಯಾಶ್ ಇಟ್ಟರೆ ಮಾತ್ರ ತುಂಬಿಸುತ್ತಾರೆ. ಲೀಸ್ ಕೊಟ್ಟವರು ವಿಮಾನ ವಾಪಸ್ ಕೇಳುತ್ತಾರೆ. ಅಲ್ಲಿಂದ ಮುಂದೆ ಸೀಟು ತುಂಬಿದ್ದರೂ ಉಳಿಸಿಕೊಳ್ಳುವುದು ಬಹಳ ಕಷ್ಟ.

ಪ್ರಶ್ನೆ: ಒಂದೇ ಮಾದರಿಯ ವಿಮಾನ ಇಟ್ಟುಕೊಂಡರೆ ಖರ್ಚು ಉಳಿಯುತ್ತದೆ ಅಂತಾರೆ. ಅಷ್ಟಿದ್ದರೆ ಸಾಕಲ್ವಾ?

ಉತ್ತರ: ಖರ್ಚೇನೋ ಉಳಿಯುತ್ತದೆ. ಪೈಲಟ್ ತರಬೇತಿ, ಬಿಡಿಭಾಗ ಎಲ್ಲ ಒಂದೇ. ಆದರೆ ಆ ಮಾದರಿಗೇ ಕಾಯಿಲೆ ಬಂದರೆ? ನಮ್ಮ ದೇಶದ ಗೋ ಫಸ್ಟ್ ಏರ್‌ಲೈನ್ ಬಳಿ ಇದ್ದದ್ದೆಲ್ಲ ಏರ್‌ಬಸ್‌ನ ಎ320 ಸರಣಿಯ ವಿಮಾನ, ಹೆಚ್ಚಿನವಕ್ಕೆ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್. ಎಂಜಿನ್ ತೊಂದರೆಯಿಂದ ಅರ್ಧದಷ್ಟು ವಿಮಾನ ನಿಂತವು. 2023ರ ಮೇನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿ ಎಂಜಿನ್ ತಯಾರಕರನ್ನು ದೂರಿತು. ಅವರು ಒಪ್ಪಲಿಲ್ಲ.

ಅದೇ ತಯಾರಕರ ಎಂಜಿನ್‌ನಿಂದ ಇಂಡಿಗೋದ ಹತ್ತಾರು ವಿಮಾನಗಳೂ ನಿಂತಿದ್ದವು. ಆದರೆ ಅವರ ಕೈಯಲ್ಲಿ ಕ್ಯಾಶ್ ಜಾಸ್ತಿ ಇತ್ತು. ಬೇರೆ ವಿಮಾನ ಲೀಸ್‌ಗೆ ತಂದರು, ಹಳೇ ಲೀಸ್ ಮುಂದುವರಿಸಿದರು, ಹಾರಾಟ ನಡೆಸಿದರು.

ಪ್ರಶ್ನೆ: ಹೊರಗಿನವರಿಗೆ ಮೊದಲೇ ಸುಳಿವು ಸಿಗುತ್ತಾ?

ಉತ್ತರ: ಸಂಬಳ ತಡವಾಗುವುದನ್ನು ಗಮನಿಸಿ. ನಿಂತ ವಿಮಾನದಿಂದ ಬಿಡಿಭಾಗ ಕಳಚಿ ಇನ್ನೊಂದಕ್ಕೆ ಹಾಕಲು ಶುರು ಮಾಡಿದರೆ ಪರಿಸ್ಥಿತಿ ಬಿಗಡಾಯಿಸಿದೆ ಅಂತಲೇ ಲೆಕ್ಕ. ಅಂಥ ಕಂಪನಿಯಲ್ಲಿ ಆರು ತಿಂಗಳು ಮುಂಚೆ ಟಿಕೆಟ್ ತೆಗೆಯಬೇಡಿ.