ವಜ್ರಾಕೃತಿ: ಮಕ್ಕಳಿಗೆ ಹತ್ತಿರವಾಗುವ ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ.

ನಾನು ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಕಳೆದ ವಾರದಿಂದ ‘ವಜ್ರಾಕೃತಿ’ (ಇಂಗ್ಲಿಷಿನ ರಾಂಬಸ್) ಎಂಬ ಪದ ತಲೆಯಲ್ಲೇ ಕೂತಿದೆ.

ರಟ್ಟಿನಲ್ಲಿ ಕತ್ತರಿಸಿದ ಚೌಕ ತೋರಿಸಿ ಇದೇನು ಎಂದು ಕೇಳಿದೆ. ‘ಚೌಕ’ ಎಂದು ಎಲ್ಲರೂ ಕೂಗಿದರು. ಅದನ್ನೇ ತಿರುಗಿಸಿ ಮೂಲೆಯ ಮೇಲೆ ನಿಲ್ಲಿಸಿದೆ. ‘ಡೈಮಂಡ್ ಟೀಚರ್!’ ಸ್ಕೇಲ್ ಕೊಟ್ಟು ಅಳೆಯಲು ಹೇಳಿದೆ. ನಾಲ್ಕೂ ಬದಿ 8 ಸೆಂಟಿಮೀಟರ್. ನೋಟ್‌ಬುಕ್ಕಿನ ಮೂಲೆ ಇಟ್ಟು ನೋಡಿದರು, ನಾಲ್ಕೂ ಮೂಲೆ ಸರಿಯಾಗಿ ಕೂತವು. ಆದರೂ ಒಬ್ಬ ಹುಡುಗಿ ಒಪ್ಪಲಿಲ್ಲ. ‘ಆಗ ಚೌಕ ಇತ್ತು, ಈಗ ಡೈಮಂಡ್ ಆಗಿದೆ’ ಎಂದಳು.

ಸುಮ್ನೆ ತಪ್ಪು ಅಂದುಬಿಡಲು ಮನಸ್ಸಾಗಲಿಲ್ಲ. ಮುಂದೆ ಪಠ್ಯದಲ್ಲಿ ಬರುವ ‘ವಜ್ರಾಕೃತಿ’ ಹೇಳುವುದೂ ಅದನ್ನೇ ಅಲ್ವಾ? ವಜ್ರದ ಹಾಗೆ ಕಾಣುವಂಥದ್ದು. ಆದರೆ ಗಣಿತದಲ್ಲಿ ಅದಕ್ಕೆ ನಾಲ್ಕೂ ಬದಿ ಸಮ ಇರುವ ಆಕೃತಿ ಎಂದು ಅರ್ಥ. ಹಾಗೆ ನೋಡಿದರೆ ಚೌಕವನ್ನು ಹೇಗೇ ಇಟ್ಟರೂ ಅದೊಂದು ವಜ್ರಾಕೃತಿ. ನಾಲ್ಕೂ ಬದಿ ಸಮ ಅನ್ನುವುದು ಆ ಹೆಸರಿನಲ್ಲಿ ಎಲ್ಲೂ ಕಾಣುವುದಿಲ್ಲ.

ತ್ರಿಭುಜಕ್ಕೆ ಈ ತೊಂದರೆ ಇಲ್ಲ. ಭುಜ ಎಣಿಸಿದರೆ ಆಯ್ತು. ತ್ರಿಕೋನ ಅಂದರೆ ಮೂಲೆ ಎಣಿಸಿದರೆ ಆಯ್ತು. ಚೌಕ ಕೂಡ ಸಂಸ್ಕೃತದ ‘ಚತುಷ್ಕ’ದಿಂದ ಬಂದದ್ದು, ನಾಲ್ಕು ಅದರೊಳಗೇ ಇದೆ. ಚೌಕಾಬಾರ ಆಡಿದ ಮಕ್ಕಳಿಗೆ ಪದವೂ ಹೊಸದಲ್ಲ.

ಮರುದಿನ ನಾಲ್ಕು ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ ಟ್ಯೂಬಿನ (ತೆಳು ರಬ್ಬರ್ ಕೊಳವೆಯ) ತುಂಡುಗಳಿಂದ ಜೋಡಿಸಿ ಚೌಕ ಮಾಡಿಸಿದೆ. ಎದುರುಬದುರು ಮೂಲೆ ಹಿಡಿದು ಮೆಲ್ಲಗೆ ಒತ್ತಿದರೆ ಅದು ಓರೆಯಾಗುತ್ತದೆ. ಕಡ್ಡಿಯ ಉದ್ದ ಅಷ್ಟೇ ಇರುತ್ತದೆ, ಮೂಲೆಗಳು ಮಾತ್ರ ಬದಲಾಗುತ್ತವೆ. ಅದೇ ಹುಡುಗಿ ಎರಡು ಸಲ ಒತ್ತಿ, ಬಿಟ್ಟು, ‘ಟೀಚರ್, ಶಂಕರಪೋಳಿ!’ ಎಂದಳು.

ನನಗೆ ಆ ಪದ ತುಂಬಾ ಹಿಡಿಸಿತು. ವಜ್ರವನ್ನು ನಮ್ಮ ಮಕ್ಕಳು ಎಲ್ಲಿ ನೋಡಿರುತ್ತಾರೆ? ಶಂಕರಪೋಳಿ ಹಬ್ಬಕ್ಕೆ ಮನೆಯಲ್ಲೇ ಇರುತ್ತದೆ. ಆದರೆ ಲಟ್ಟಿಸಿ ಕತ್ತರಿಸುವಾಗ ನಾಲ್ಕೂ ಬದಿ ಸಮ ಬರುವುದು ಕಡಿಮೆ. ‘ಓರೆಚೌಕ’ ಅನ್ನೋಣ ಅಂದರೆ ನೆಟ್ಟಗಿರುವ ಚೌಕ ಹೊರಗುಳಿಯುತ್ತದೆ. ‘ಸಮಬಾಹು ಚತುರ್ಭುಜ’ ಅರ್ಥಕ್ಕೆ ಸರಿ, ಆದರೆ ಒಂಬತ್ತು ವರ್ಷದ ಮಕ್ಕಳ ಬಾಯಿಗೆ ಭಾರ ಜಾಸ್ತಿ.

ನಿಮ್ಮ ಊರ ಕಡೆ ರಂಗೋಲಿ ಹಾಕುವವರು, ಕಸೂತಿ ಮಾಡುವವರು, ಬಡಗಿಗಳು ಈ ಆಕಾರಕ್ಕೆ ಏನಂತಾರೆ? ನಾಲ್ಕೂ ಬದಿ ಸಮ ಅನ್ನುವುದು ಕೇಳಿದ ಕೂಡಲೇ ಹೊಳೆಯುವ ಪದ ಇದ್ದರೆ ದಯವಿಟ್ಟು ತಿಳಿಸಿ. ಸೋಮವಾರ ಮತ್ತೆ ಇದೇ ಪಾಠ ಮುಂದುವರಿಸಬೇಕು.